ಕಾಯಲು ಏನೂ ಇಲ್ಲದ ಬೆಟ್ಟ

ನಮ್ಮ ಸೋದರತ್ತೆ ಅಕ್ಕಯ್ಯಮ್ಮ ನನ್ನ ವಿಷಯದಲ್ಲಿ ಎರಡು ಸಲ ಭವಿಷ್ಯ ನುಡಿದಿದ್ದಾಳೆ. ಎರಡು ಸಲವೂ ಒಂದೇ ಮಾತು: "ಆಗಾಕಿಲ್ಲ."

ಮೊದಲನೆಯದು, ನಾನು ಬಿ.ಎ.ಗೆ ಸೇರುತ್ತೇನೆಂದು ಹೊರಟಾಗ. "ನಮ್ಮ ವಂಶದಾಗೆ ಒಬ್ಬನಾದ್ರೂ ಓದವ್ನೇನ್ಲಾ? ನಿನ್ನ ಕೈಲಿ ಆಗಾಕಿಲ್ಲ. ಸುಮ್ಕೆ ಚಪ್ಪಲಿ ಸವೆಸಬೇಡ" ಎಂದಳು. (ಆಗ ನನಗೆ ಚಪ್ಪಲಿಯೇ ಇರಲಿಲ್ಲ. ಅದು ಬೇರೆ ಮಾತು.) ಹಳ್ಳಿಯಿಂದ ಕಾಲೇಜಿಗೆ ದಿನವೂ ನಡೆದೆ. ಇಂಗ್ಲಿಷ್ ಪೇಪರಿನಲ್ಲಿ ಒಂದು ಸಲ ಡುಮ್ಕಿ ಹೊಡೆದೆ. ಆದರೂ ಪಾಸಾದೆ. ಆ ಸರ್ಟಿಫಿಕೇಟು ಈಗ ತ್ಯಾಗರಾಜನಗರದ ನಮ್ಮ ನಡುಮನೆಯಲ್ಲಿ, ದೇವರ ಪಟಗಳ ಸಾಲಿನಲ್ಲಿ, ಗಾಜಿನ ಕಟ್ಟು ಹಾಕಿಸಿಕೊಂಡು ನಿಂತಿದೆ. ಹಬ್ಬದ ದಿನ ಅತ್ತೆ ಅದಕ್ಕೂ ಕುಂಕುಮ ಇಡುತ್ತಾಳೆ. ಮನೆಗೆ ಬಂದವರಿಗೆಲ್ಲ ನಾನು ಅದನ್ನು ತೋರಿಸುತ್ತೇನೆ. ಜಂಬ ಅಂತೀರಾ? ಅನ್ನಿ. ತಲೆಮಾರುಗಳಿಂದ ಹೆಬ್ಬೆಟ್ಟು ಒತ್ತಿದ ಮನೆಯಲ್ಲಿ ಒಬ್ಬ ರುಜು ಹಾಕಲು ಕಲಿತರೆ ಅಷ್ಟು ಜಂಬ ಸಲ್ಲುತ್ತದೆ.

ಎರಡನೆಯ ಭವಿಷ್ಯ ಮೊನ್ನೆ ಮೊನ್ನೆಯದು.

"ಅತ್ತೆ, ಈ ಶನಿವಾರ ಅಪ್ಪನ್ನ ಬೆಟ್ಟಕ್ಕೆ ಕರ್ಕೊಂಡು ಹೋಗ್ತೀನಿ. ರಾತ್ರಿ ಅಲ್ಲೇ ಮಲಗಿದ್ದು ಭಾನುವಾರ ಬರ್ತೀವಿ" ಎಂದೆ.

ಅತ್ತೆ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಿದಳು.

"ಮನೆಯಾಗೆ ಹಾಸಿಗೆ ಮ್ಯಾಲೆ ಮನಗದೋನು ಬಂಡೆ ಮ್ಯಾಲೆ ಮನಗ್ತಾನಾ? ಬಿ.ಎ. ಓದಿ ಇದೇ ಬುದ್ಧಿ ಕಲ್ತಿದ್ದಾ? ಆಗಾಕಿಲ್ಲ ಕಣ್ಲಾ!"

ಅತ್ತೆಯ ಮಾತಿನಲ್ಲಿ ಹುರುಳಿತ್ತು. ನಮ್ಮಪ್ಪ ಮುನಿಯಪ್ಪ ರಾತ್ರಿ ಮಲಗುವುದನ್ನು ಬಿಟ್ಟು ವರ್ಷಗಳಾಗಿದ್ದವು.

(ಇಲ್ಲೊಂದು ಮಾತು. ಅಪ್ಪನನ್ನು ಏಕವಚನದಲ್ಲಿ ಬರೆಯುತ್ತೇನೆಂದು ಈ ಅಂಕಣದ ಬಸವನಗುಡಿಯ ಓದುಗರೊಬ್ಬರು ಹಿಂದೆ ಬೇಸರಪಟ್ಟು ಕಾಗದ ಹಾಕಿದ್ದರು. ಸ್ವಾಮಿ, ನಮ್ಮ ಕಡೆ ಅಪ್ಪನಿಗೂ ದೇವರಿಗೂ ಏಕವಚನವೇ. ಪ್ರೀತಿ ಕಡಮೆಯಾಗಿ ಅಲ್ಲ.)

ಈಗ ನೀವು ಜಯನಗರ ಎಂದು ಕರೆಯುವ ಬಡಾವಣೆಯ ಒಂದು ಮೂಲೆಯಲ್ಲಿ ನಮ್ಮ ರಾಗಿ ಹೊಲ ಇತ್ತು. ಬಡಾವಣೆ ಬಂತು, ಹೊಲ ಹೋಯಿತು. ಅಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಊರು ಬೆಳೆಯಬೇಕಲ್ಲ? ಆ ಅಗಲವಾದ ರಸ್ತೆಗಳಲ್ಲಿ ಸಂಜೆ ಹೊತ್ತು ನಾನೂ ಅಡ್ಡಾಡುತ್ತೇನೆ, ಹಿತವಾಗಿಯೇ ಇದೆ. ನಮಗೆ ತ್ಯಾಗರಾಜನಗರದಲ್ಲಿ ಒಂದು ತಾರಸಿ ಮನೆ ಆಯಿತು. ನನಗೆ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಆಯಿತು. ಅತ್ತೆಗೆ ಮನೆಯೊಳಗೇ ನಲ್ಲಿ ನೀರು ಆಯಿತು. ಎಲ್ಲರಿಗೂ ಏನೋ ಒಂದು ಆಯಿತು. ಅಪ್ಪನಿಗೆ ಮಾತ್ರ ನಿದ್ದೆ ಹೋಯಿತು.

ಅದರಲ್ಲೂ ಸುಗ್ಗಿ ಕಾಲ ಬಂದರೆ ಮುಗಿದೇ ಹೋಯಿತು. ರಾಗಿ ಕೊಯ್ದು, ಕಣದಲ್ಲಿ ಬಡಿದು ರಾಶಿ ಹಾಕಿದ ಮೇಲೆ, ಆ ರಾಶಿ ಮನೆ ಸೇರುವವರೆಗೆ ಯಜಮಾನನಾದವನು ಬಯಲಲ್ಲೇ ಇದ್ದು ಕಾಯಬೇಕು. ಅಪ್ಪ ಮೀಸೆ ಬರುವುದಕ್ಕೆ ಮೊದಲಿನಿಂದ ಕಾದವನು. ಈಗ ರಾಶಿಯಿಲ್ಲ. ಕಣವಿಲ್ಲ. ಕಾವಲು ಮಾತ್ರ ಉಳಿದುಕೊಂಡಿದೆ. ಊಟ ಮಾಡಿ, ಕಂಬಳಿ ಹೊದ್ದು, ದೊಣ್ಣೆ ಹಿಡಿದು ಜಯನಗರದ ಕಡೆ ಹೊರಟುಬಿಡುತ್ತಿದ್ದ. ನಮ್ಮ ಹೊಲ ಇದ್ದ ಕಡೆ ಈಗ ಸಾಲು ಮನೆ, ಮುಂದೆ ಗೇಟು, ಗೇಟಿನ ಮೇಲೆ ಮಲ್ಲಿಗೆ ಬಳ್ಳಿ. ಅವುಗಳ ಮುಂದೆ ಮೆಲ್ಲಗೆ ಅತ್ತಿಂದಿತ್ತ, ಇತ್ತಿಂದತ್ತ.

ಒಂದು ದಿನ ಬೀಟ್ ಪೊಲೀಸಿನವನು ತಡೆದ.

"ಯಾರಯ್ಯಾ ನೀನು? ಇಲ್ಲೇನು ಕೆಲಸ?"

"ಕಾಯ್ತಾ ಇವ್ನಿ ಸ್ವಾಮಿ."

"ಏನನ್ನ?"

ಅಪ್ಪ ಸಾಲು ಮನೆಗಳ ಕಡೆ ದೊಣ್ಣೆ ತೋರಿಸಿದ. ಪೊಲೀಸಿನವನು ಒಳ್ಳೆಯ ಮನುಷ್ಯ. ಕೈಹಿಡಿದು ಕರೆತಂದು ಮನೆಗೆ ಬಿಟ್ಟ. "ಯಜಮಾನ್ರನ್ನ ನೋಡ್ಕೊಳ್ಳಿ ಸಾರ್. ಹೊಸಬ್ರು ಯಾರಾದ್ರೂ ಕಳ್ಳ ಅಂತ ಕಲ್ಲು ಬೀಸಿಬಿಟ್ಟಾರು" ಎಂದ. ಆ 'ಕಳ್ಳ' ಎಂಬ ಮಾತು ಕೇಳಿ ಅಪ್ಪನ ಮುಖ ಹೇಗಾಯಿತೆಂದು ನಾನು ಬರೆಯಲಾರೆ. ಆಯುಷ್ಯವೆಲ್ಲ ಕಳ್ಳರಿಂದ ರಾಶಿ ಕಾದವನು ಅವನು.

ಡಾಕ್ಟರಿಗೆ ತೋರಿಸಿದೆ. ಎದೆಗೆ ಸ್ಟೆಥಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಅಪ್ಪನನ್ನು ಹೊರಗೆ ಕೂರಿಸಿ ನನಗೆ ಹೇಳಿದರು. "ಈಗ ಕಾಯಿಲೆ ಏನಿಲ್ಲ. ಆದ್ರೆ ಹೀಗೇ ನಿದ್ದೆಗೆಟ್ರೆ ಈ ಹೃದಯ ಜಾಸ್ತಿ ದಿನ ತಡೆಯಲ್ಲ. ಮಾತ್ರೆ ಕೊಟ್ಟು ಕೆಡವೋದು ನನಗೆ ಇಷ್ಟ ಇಲ್ಲ. ಎಲ್ಲಾದ್ರೂ ಚೇಂಜಿಗೆ ಕರ್ಕೊಂಡು ಹೋಗಿ."

ಚೇಂಜಿಗೆ! ಚೇಂಜು ಎಂದರೆ ದೊಡ್ಡ ಮನುಷ್ಯರು ಉಣ್ಣೆ ಕೋಟು ಹಾಕಿಕೊಂಡು ಊಟಿಗೆ ಹೋಗುವುದು ಎಂದು ತಿಳಿದವರು ನಾವು. ಗುಮಾಸ್ತೆಯ ಅಪ್ಪನಿಗೆ ಎಲ್ಲಿಯ ಊಟಿ?

ಆದರೆ ನನ್ನ ಚೇಂಜು ಯಾವುದೆಂದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ತಿಂಗಳಿಗೊಂದು ಶನಿವಾರ ಕಚೇರಿ ಅರ್ಧ ದಿನಕ್ಕೆ ಬಿಟ್ಟ ಕೂಡಲೇ ನಾನು ಬೆಟ್ಟದ ದಾರಿ ಹಿಡಿಯುತ್ತೇನೆ. ಹನುಮಂತನಗರದ ಶ್ರೀಪಾದರಾಯರು, ರಿಟೈರಾದ ಡ್ರಿಲ್ ಮೇಷ್ಟ್ರು, ನಮ್ಮ ಸಣ್ಣ ಗುಂಪಿನ ನಾಯಕರು. ಅವರ ಸಾಮ್ರಾಜ್ಯ ಎಂದರೆ ಮಿಲಿಟರಿ ಡಿಸ್ಪೋಸಲ್‌ನ ಹಳೇ ಸಾಮಾನಿನಲ್ಲಿ ಸಿಕ್ಕಿದ ಒಂದು ಟೆಂಟು, ಒಂದು ಕಿಟ್‌ಬ್ಯಾಗು, ಒಂದು ಸೀಟಿ. ಕಾಡಿನ ದಾರಿಯಲ್ಲಿ ನಡೆಯುವುದು, ಬೆಟ್ಟ ಹತ್ತುವುದು, ಅಲ್ಲೇ ಅಡಿಗೆ, ಅಲ್ಲೇ ಮಲಗುವುದು, ಬೆಳಗ್ಗೆ ಇಳಿಯುವುದು. ಅಷ್ಟೇ. ಮೊದಲ ಸಲ ಬಂದವರು ಬೆಟ್ಟ ಹತ್ತಿ, ರಾತ್ರಿ ಬಯಲಲ್ಲಿ ಮಲಗಿ, ತಮ್ಮ ಕಾಲ ಮೇಲೆ ಇಳಿದು ಬಂದರೆ ಮೇಷ್ಟ್ರು ಒಂದು ಸರ್ಟಿಫಿಕೇಟು ಕೊಡುತ್ತಾರೆ. ದಪ್ಪ ಕಾಗದ, ಅವರದೇ ಗುಂಡಾದ ಅಕ್ಷರ, ಕೆಳಗೆ ಬೆಟ್ಟದ ಚಿತ್ರದ ರಬ್ಬರ್ ಮೊಹರು. ನನಗೂ ಒಂದು ಸಿಕ್ಕಿದೆ. (ಅದನ್ನು ಗೋಡೆಗೆ ಹಾಕಿಲ್ಲ. ಬಿ.ಎ. ಪಕ್ಕದಲ್ಲಿ ಹಾಕುವಂಥದ್ದೇ ಅದು? ಹಾಗೆಂದುಕೊಂಡು ಟ್ರಂಕಿನಲ್ಲಿಟ್ಟಿದ್ದೆ.)

ನನ್ನ ಈ ಹುಚ್ಚಿನ ಬಗ್ಗೆ ಅಪ್ಪನ ಅಭಿಪ್ರಾಯ ಒಂದೇ. ಮೊದಲ ಸಲ ನಾನು ಕಂಬಳಿ ಸುತ್ತಿಕೊಂಡು ಹೊರಟಾಗ ಬಾಗಿಲಲ್ಲಿ ನಿಂತು ಕೇಳಿದ್ದ:

"ಬಯಲಾಗೆ ಮನಗಬಾರ್ದು ಅಂತಲೇ ಅಲ್ವೇನ್ಲಾ ನಿನ್ನ ಓದ್ಸಿದ್ದು?"

ಇದಕ್ಕೆ ಏನು ಹೇಳುತ್ತೀರಿ? ನಾನು ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟಿದ್ದೆ.

ಹಾಗಾಗಿ ಈ ಸಲ ಅವನನ್ನು ಕರೆಯಲು ನನಗೇ ಅಳುಕು. ಊಟಕ್ಕೆ ಕೂತಾಗ ಸುಮ್ಮನೆ ಮಾತು ತೆಗೆದೆ. ಅಪ್ಪ ಮುದ್ದೆ ಮುರಿಯುತ್ತ ಕೇಳಿದ.

"ಎಲ್ರೂ ಬಯಲಾಗೇ ಮನಗ್ತೀರಾ?"

"ಹೂಂ."

"ಸಾಮಾನೆಲ್ಲಾ?"

"ಅಲ್ಲೇ ಪಕ್ಕದಲ್ಲಿ ಇಟ್ಕೊಂಡಿರ್ತೀವಿ."

"ಕಾವಲಿಗೆ ಯಾರು?"

"ಯಾರೂ ಇಲ್ಲ."

ಅಪ್ಪ ನನ್ನ ಮುಖ ನೋಡಿದ. ಇಂಥ ಪೆದ್ದನನ್ನು ಓದಿಸಿದೆನಲ್ಲ ಎನ್ನುವಂಥ ನೋಟ. ಕೈ ತೊಳೆದು, ಕಂಬಳಿ ಕೊಡವಿ, ದೊಣ್ಣೆಗೆ ಎಣ್ಣೆ ಸವರಿದ. ಬರುತ್ತೇನೆ ಎಂದು ಬಾಯಿಬಿಟ್ಟು ಹೇಳಲೇ ಇಲ್ಲ. ಶನಿವಾರ ನಾನು ಕಚೇರಿಯಿಂದ ಬರುವ ಹೊತ್ತಿಗೆ ಜಗಲಿಯ ಮೇಲೆ ರೆಡಿಯಾಗಿ ಕೂತಿದ್ದ. ಕೈಯಲ್ಲಿ ಒಂದು ಖಾಲಿ ಸೀಮೆಎಣ್ಣೆ ಡಬ್ಬ ಬೇರೆ.

"ಅದ್ಯಾಕಪ್ಪ?"

"ಹಂದಿ ಬಂದ್ರೆ ಬಡಿಯಾಕೆ."

ಮಾರ್ಕೆಟ್ಟಿನ ಹತ್ತಿರ ಮೇಷ್ಟ್ರ ಗುಂಪನ್ನು ಸೇರಿಕೊಂಡು ಮಾಗಡಿ ಬಸ್ಸು ಹಿಡಿದೆವು. ಇಳಿದು ನಡೆದೆವು. ನಾವು ಹೋದದ್ದು ಸಾವನದುರ್ಗಕ್ಕೆ. ಲಾಲ್‌ಬಾಗಿನ ಬಂಡೆಯನ್ನೇ ದೊಡ್ಡದೆಂದು ತಿಳಿದವರು ಇದರ ಬುಡದಲ್ಲಿ ಒಮ್ಮೆ ನಿಲ್ಲಬೇಕು. ಬೆಟ್ಟವೆಂದರೆ ಮಣ್ಣು, ಮರ, ಕಲ್ಲು ಎಲ್ಲ ಸೇರಿದ್ದು ಅಲ್ಲವೇ? ಇದು ಹಾಗಲ್ಲ. ಒಂದೇ ಕಲ್ಲು. ಆಕಾಶದವರೆಗೆ ಒಂದೇ ಕಲ್ಲು! ಮೇಲೆ ಹೋಗುತ್ತಿರುವ ಜನ ಗೋಡೆಯ ಮೇಲಿನ ಇರುವೆಗಳಂತೆ ಕಾಣುತ್ತಾರೆ. ಎಷ್ಟು ಸಲ ಬಂದಿದ್ದರೂ ಆ ಬುಡದಲ್ಲಿ ನಿಂತಾಗ, ನನ್ನ ಬಿ.ಎ., ನನ್ನ ಸೀನಿಯಾರಿಟಿ, ಹೆಡ್‌ಕ್ಲಾರ್ಕು ಹೋದ ವಾರ ಅಂದ ಮಾತು, ಎಲ್ಲ ಒಂದು ಕಾಳಿನಷ್ಟಾಗುತ್ತದೆ.

ಅಪ್ಪ ಕತ್ತೆತ್ತಿ ನೋಡುತ್ತ ನಿಂತ.

"ಇದೇನ್ಲಾ ಆ ಬೆಟ್ಟ?"

"ಯಾವ ಬೆಟ್ಟ?"

"ನಮ್ಮ ಕಣದಿಂದ ಪಡುವಲಾಗೆ ನೀಲಿಗೆ ಕಾಣ್ತಿರಲಿಲ್ವಾ? ದಿನಾ ಇದರ ಹಿಂದ್ಗಡೆ ಅಲ್ವಾ ಹೊತ್ತು ಮುಳುಗ್ತಿದ್ದಿದ್ದು?"

ನಿಜ. ಮೋಡವಿಲ್ಲದ ದಿನ ನಮ್ಮ ಹೊಲದಿಂದ ಪಶ್ಚಿಮಕ್ಕೆ ಒಂದು ಗೂನು ಬೆನ್ನು ಕಾಣುತ್ತಿತ್ತು. ಅದಕ್ಕೊಂದು ಹೆಸರಿದೆ, ಅಲ್ಲಿಗೆ ಬಸ್ಸು ಹೋಗುತ್ತದೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅಪ್ಪನ ಆಯುಷ್ಯದ ಅಷ್ಟೂ ಸಂಜೆಗಳು ಈ ಕಲ್ಲಿನ ಹಿಂದೆ ಮುಳುಗಿದ್ದವು.

ಅಪ್ಪ ಬಗ್ಗಿ ಬಂಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಬರಿಗಾಲಲ್ಲಿ ಹತ್ತತೊಡಗಿದ. ನಿದ್ದೆಗೆಟ್ಟ ಮುದುಕ, ಎಲ್ಲಿ ಜಾರುತ್ತಾನೋ ಎಂದು ನಾನು ಹಿಂದೆಯೇ ಇದ್ದೆ. ಅಲ್ಲಲ್ಲಿ ಕೂತ. ಎದೆ ಹಿಡಿದುಕೊಂಡ. ಡಾಕ್ಟರ ಮಾತು ನೆನಪಾಗಿ ನಾನು ಪಕ್ಕಕ್ಕೆ ಬಂದು ತೋಳು ಹಿಡಿದುಕೊಂಡೆ. "ಇಳಿದುಬಿಡೋಣವಾ ಅಪ್ಪ?" ಎಂದರೆ, "ಸುಮ್ಕಿರ್ಲಾ" ಎನ್ನುವನು. ಬೇರೇನೂ ಇಲ್ಲ.

ಮೇಲೆ ಹಳೆಯ ಕಲ್ಲಿನ ಮಂಟಪ, ಒಳಗೊಬ್ಬ ಬಸವಣ್ಣ. ಸ್ವಲ್ಪ ಕೆಳಗೆ ಬಂಡೆಯ ತಗ್ಗಿನಲ್ಲಿ ಮಳೆ ನೀರು ನಿಂತ ದೊಣೆ. ಅದರ ಹತ್ತಿರ ಸಮತಟ್ಟಾದ ಜಾಗದಲ್ಲಿ ಇಳಿದುಕೊಂಡೆವು. ಮೇಷ್ಟ್ರು ಸೀಟಿ ಊದಿದರು. ಕೆಲವರು ಸೌದೆಗೆ, ಕೆಲವರು ನೀರಿಗೆ ಹೋದರು. ನಾವೆಲ್ಲ ಬರುವ ಹೊತ್ತಿಗೆ ಅಪ್ಪ ಒಂದು ಕೆಲಸ ಮಾಡಿ ಮುಗಿಸಿದ್ದ.

ಎಲ್ಲರ ಚೀಲ, ಹಾಸಿಗೆ ಸುರುಳಿ, ಪಾತ್ರೆ ಪಗಡ, ಅವಲಕ್ಕಿ ಗಂಟು, ಎಲ್ಲವನ್ನೂ ಒಂದೆಡೆ ಗುಡ್ಡೆ ಹಾಕಿದ್ದ. ಕುರಿ ಮೇಯಿಸುವವರು ಹಿಂದೆಂದೋ ಒಲೆ ಹೂಡಿದ ಜಾಗದಿಂದ ಬೂದಿ ತಂದು ಅದರ ಸುತ್ತ ದುಂಡಗೆ ಗೆರೆ ಎಳೆದಿದ್ದ. ಪಕ್ಕದಲ್ಲಿ ಡಬ್ಬ. ತೊಡೆಯ ಮೇಲೆ ದೊಣ್ಣೆ.

ಬೇರೆಯವರಿಗೆ ಅದೇನೆಂದು ತಿಳಿಯಲಿಲ್ಲ. ನನಗೆ ತಿಳಿಯಿತು. ಕಣದಲ್ಲಿ ರಾಶಿ ಹಾಕಿದ ಮೇಲೆ ಹಾಗೆ ಬೂದಿಯ ಗೆರೆ ಹಾಕುತ್ತಾರೆ. ಗೆರೆ ಅಳಿಸಿದರೆ ಯಾರೋ ಕೈ ಹಾಕಿದ್ದಾರೆಂದು ಅರ್ಥ. ಗೆರೆಯ ಒಳಗೆ ಕಾಲಲ್ಲಿ ಕೆರ ಮೆಟ್ಟಿಕೊಂಡು ಬರುವಂತಿಲ್ಲ. ಅಲ್ಲಿರುವುದು ಲಕ್ಷ್ಮಿ.

ಇದು ನಮ್ಮ ಕಚೇರಿಯ ವೆಂಕಟೇಶನಿಗೆ ಹೇಗೆ ಗೊತ್ತಾಗಬೇಕು? ಅವನು ಹೊಸದಾಗಿ ಒಂದು ಟ್ರಾನ್ಸಿಸ್ಟರ್ ಕೊಂಡಿದ್ದಾನೆ. ಕಂಕುಳಿನ ಮಗುವಿನಂತೆ ಎಲ್ಲೆಡೆ ಎತ್ತಿಕೊಂಡು ಹೋಗುತ್ತಾನೆ. ನಸುಗತ್ತಲಲ್ಲಿ, ಕ್ಯಾನ್‌ವಾಸ್ ಷೂ ಹಾಕಿಕೊಂಡು, ಅದನ್ನು ತೆಗೆಯಲು ಗೆರೆ ದಾಟಿದ.

"ಯಾವನ್ಲಾ ಅದು! ಅಲ್ಲೇ ನಿಂತ್ಕೊ!"

ದೊಣ್ಣೆ ಡಬ್ಬದ ಮೇಲೆ ಬಿತ್ತು. ಎದುರಿನ ಗುಡ್ಡವೂ 'ಯಾವನ್ಲಾ ಅದು' ಎಂದಿತು. ದೊಣೆಯ ಹತ್ತಿರ ಅಕ್ಕಿ ತೊಳೆಯುತ್ತಿದ್ದವರು ಪಾತ್ರೆ ಬಿಟ್ಟು ಎದ್ದರು. ವೆಂಕಟೇಶ ಎರಡೂ ಕೈ ಮೇಲೆತ್ತಿ ನಿಂತಿದ್ದ.

"ನಾನೇ ಸಾರ್... ವೆಂಕಟೇಶ ಸಾರ್... ನನ್ನ ರೇಡಿಯೋ ಸಾರ್..."

"ಕೆರ ಮೆಟ್ಕೊಂಡು ರಾಶಿ ತಾವ ಬತ್ತೀಯಾ? ಬುಡು ಮೊದ್ಲು!"

ವೆಂಕಟೇಶ ಷೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹಿಮ್ಮುಖವಾಗಿ ಗೆರೆಯಿಂದ ಆಚೆ ಬಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅಪ್ಪ ನಗಲಿಲ್ಲ. ಅದನ್ನು ಕಂಡು ನಾನೂ ನಗು ನಿಲ್ಲಿಸಿದೆ. ಮನೆಯಿಂದ ಇಷ್ಟು ದೂರ, ಇಷ್ಟು ಎತ್ತರಕ್ಕೆ ಕರೆತಂದೆ; ಇಲ್ಲಿಗೂ ಕಾವಲು ಹಿಂಬಾಲಿಸಿ ಬಂತಲ್ಲ! ಅತ್ತೆಯ 'ಆಗಾಕಿಲ್ಲ' ನಿಜವಾಯಿತು ಎಂದುಕೊಂಡೆ.

ಮೇಷ್ಟ್ರು ಬಂದು ಅಪ್ಪನ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಮುನಿಯಪ್ಪನವರೇ, ಇಲ್ಲಿಗೆ ಕಳ್ಳರು ಯಾರೂ ಬರಲ್ಲ. ಬಂದ್ರೂ ನಮ್ಮ ಹತ್ರ ಏನಿದೆ? ಅವಲಕ್ಕಿ, ಹಳೇ ಶರ್ಟು."

"ಹಂಗಂದ್ರೆ ಇಲ್ಲಿ ಕಾಯಾಕೆ ಏನೂ ಇಲ್ವಾ ಸ್ವಾಮಿ?"

"ಏನೂ ಇಲ್ಲ."

"ಮತ್ತೆ ಓದಿದೋರೆಲ್ಲಾ ಇಲ್ಲಿಗೆ ಬಂದು ಯಾಕೆ ಮನಗ್ತೀರಾ?"

ಒಬ್ಬರು ಒಳ್ಳೆಯ ಗಾಳಿ ಎಂದರು. ಇನ್ನೊಬ್ಬರು ಆರೋಗ್ಯ ಎಂದರು. ವೆಂಕಟೇಶ, ಷೂ ಇನ್ನೂ ಕೈಯಲ್ಲೇ ಇತ್ತು, "ಸುಮ್ನೆ ಸಾರ್" ಎಂದ. ಅಪ್ಪನಿಗೆ ಯಾವುದೂ ಒಪ್ಪಿಗೆಯಾದಂತೆ ಕಾಣಲಿಲ್ಲ. ಮೇಷ್ಟ್ರು ಬೂದಿಯ ಗೆರೆಯನ್ನೊಮ್ಮೆ ನೋಡಿದರು.

"ಕಾಯೋಕೆ ಏನೂ ಇರಬಾರದು ಅಂತಲೇ ಬರ್ತೀವಿ ಅಂತ ಕಾಣುತ್ತೆ" ಎಂದರು.

ಅಪ್ಪ ದೊಣ್ಣೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡ.

ಬೆಂಕಿಯ ಸುತ್ತ ಕೂತು ಅನ್ನ ಸಾರು ಉಂಡೆವು. ಆಮೇಲೆ ಮೇಷ್ಟ್ರು ಬೆಂಕಿಗೆ ಮಣ್ಣು ಮುಚ್ಚಿಸಿದರು. ಅದು ಅವರ ಪದ್ಧತಿ. "ಈಗ ಮೇಲೆ ನೋಡಿ" ಎನ್ನುತ್ತಾರೆ.

ಮೇಲೆ ನೋಡಿದೆವು. ಏನು ಬರೆಯಲಿ? ನಕ್ಷತ್ರ ಎಂಬ ಮಾತು ಚಿಕ್ಕದು. ನಮ್ಮ ಬೀದಿಯ ದೀಪದ ಕಂಬಗಳ ನಡುವೆ ಅಷ್ಟಿಷ್ಟು ಮಿಣುಕುವ ಚುಕ್ಕಿಗಳಲ್ಲ ಅವು. ಆಕಾಶ ಮೇಲಿರಲಿಲ್ಲ, ನಾಲ್ಕೂ ಕಡೆ ಬಂಡೆಯ ಅಂಚಿನವರೆಗೆ ಇಳಿದು ಬಂದಿತ್ತು. ಕೈ ಚಾಚಿದರೆ ಒದ್ದೆಯಾಗುತ್ತದೇನೋ ಎನ್ನುವ ಹಾಗೆ. ಟ್ರಾನ್ಸಿಸ್ಟರ್ ಕೂಡ ಗೆರೆಯೊಳಗೆ ತೆಪ್ಪಗಿತ್ತು.

ಅಪ್ಪ ಮಾತ್ರ ಮೂಡಲ ಕಡೆ ನೋಡುತ್ತಿದ್ದ.

"ಅದ್ಯಾಕ್ಲಾ ಆ ಕಡೆ ಬೆಳ್ಳಗೈತೆ? ಚಂದ್ರ ಹುಟ್ತಾ ಅವ್ನಾ?"

"ಚಂದ್ರ ಅಲ್ಲಪ್ಪ. ಅದು ಬೆಂಗಳೂರು. ಬೀದಿ ದೀಪದ ಬೆಳಕು."

ಅಪ್ಪ ಎದ್ದು ನಿಂತ.

"ಅದರಾಗೆ ನಮ್ಮ ಹೊಲ ಎಲ್ಲಿ ಬತ್ತದೆ?"

ಆ ಮಸುಕು ಬೆಳಕಿನ ಬಲಗಡೆಯ ಅಂಚನ್ನು ತೋರಿಸಿದೆ. ಅಂದಾಜಿನ ಮೇಲೆ ತೋರಿಸಿದ್ದು. ಅಪ್ಪ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ.

"ಆ ದೀಪ ಬೆಳಗಾಗೋಗಂಟ ಉರೀತದಾ?"

"ಉರಿಯುತ್ತೆ."

"ದಿನಾನೂ?"

"ದಿನಾನೂ."

"ಅಲ್ಲಿ ಕುಂತ್ಕೊಂಡು ಈ ಬೆಟ್ಟ ನೋಡ್ತಿದ್ದೆ. ಈಗ ಇಲ್ಲಿ ನಿಂತ್ಕೊಂಡು ಅದನ್ನ ನೋಡ್ತಾ ಇವ್ನಿ" ಎಂದ. ಆಮೇಲೆ ತನ್ನಷ್ಟಕ್ಕೇ ಹೇಳಿಕೊಂಡ: "ಬೆಳಗಾಗೋಗಂಟ ದೀಪ ಹಚ್ಚವ್ರೆ ಅಂದ್ರೆ, ಯಾರೋ ಕಾಯ್ತಾ ಅವ್ರೆ ಅಂತ ತಾನೇ?"

ಅಪ್ಪ ಕೈಯಲ್ಲಿದ್ದ ದೊಣ್ಣೆಯ ಕಡೆ ನೋಡಿದ.

"ಹಂಗಾದ್ರೆ ನಾನ್ಯಾಕೆ?"

ದೊಣ್ಣೆಯನ್ನು ಬಂಡೆಯ ಮೇಲೆ ಉದ್ದಕ್ಕೆ ಮಲಗಿಸಿದ. ಅದರ ಪಕ್ಕದಲ್ಲಿ ಕಂಬಳಿ ಹಾಸಿ ತಾನೂ ಮಲಗಿದ. ಹಗಲೆಲ್ಲ ಬಿಸಿಲು ಕುಡಿದ ಬಂಡೆ ಇನ್ನೂ ಬೆಚ್ಚಗಿತ್ತು. "ಅವ್ವನ ಬೆನ್ನು ಇದ್ದಂಗೈತೆ" ಎಂದದ್ದು ಕೇಳಿಸಿತು. ಈಗೇಳುತ್ತಾನೆ, ಈಗೇಳುತ್ತಾನೆ ಎಂದು ನಾನು ಕಾದೆ.

ಗೊರಕೆ ಕೇಳಿಸಿತು.

ನಮ್ಮಪ್ಪ ಗೊರಕೆ ಹೊಡೆಯುತ್ತಾನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದವನು ನಾನು. ಆ ಬಂಡೆಯ ಮೇಲೆ, ಅಷ್ಟು ಆಕಾಶದ ಕೆಳಗೆ, ಆ ಗೊರಕೆಯಷ್ಟು ದೊಡ್ಡ ಸದ್ದು ಬೇರೆ ಇರಲಿಲ್ಲ. ಅದನ್ನು ಕೇಳುತ್ತ ನಾನು ಎದ್ದು ಕೂತೇ ಇದ್ದೆ. ಆ ದಿನದ ಕಾವಲು ನನಗೆ ಬಂತು.

ಬೆಳಗಿನ ಜಾವದಲ್ಲಿ ಚಳಿ ಕಚ್ಚಿತು. ಮಬ್ಬು ಬೆಳಕಿನಲ್ಲಿ ಕೆಳಗೆ ಬಗ್ಗಿ ನೋಡಿದರೆ, ಲೋಕವೇ ಇಲ್ಲ! ನಿನ್ನೆ ನಡೆದು ಬಂದ ದಾರಿ, ಹಳ್ಳಿ, ಗದ್ದೆ, ಕೆರೆ, ಎಲ್ಲದರ ಮೇಲೂ ಮಂಜು ಹಾಲಿನಂತೆ ತುಂಬಿಕೊಂಡಿತ್ತು. ನಾವು ಕೂತ ಬಂಡೆಯೊಂದೇ ತೇಲುತ್ತಿತ್ತು. ದೂರದಲ್ಲಿ ಒಂದೆರಡು ಗುಡ್ಡದ ನೆತ್ತಿಗಳು ಈಜುವ ಎಮ್ಮೆಗಳಂತೆ ಬೆನ್ನು ಮಾತ್ರ ತೋರಿಸುತ್ತಿದ್ದವು. ಆಮೇಲೆ ಮೂಡಲಲ್ಲಿ, ಹಿಂದಿನ ರಾತ್ರಿ ನಾನು ಬೆರಳು ತೋರಿಸಿದ್ದ ಕಡೆಯಿಂದ, ಸೂರ್ಯ ಬಂದ. ಮಂಜೆಲ್ಲ ಮೊದಲು ಕೆಂಪಾಯಿತು, ಆಮೇಲೆ ಕಾಸಿದ ತುಪ್ಪದ ಬಣ್ಣವಾಯಿತು.

ಆದರೆ ನಾನು ಬೆರಗಾಗಿ ನೋಡಿದ್ದು ಅದನ್ನಲ್ಲ. ಬಿಸಿಲು ಮೆಲ್ಲಗೆ ಬಂಡೆಯ ಮೇಲೆ ತೆವಳಿ ಬಂದು ಅಪ್ಪನ ಪಾದ ಮುಟ್ಟಿತು, ಮೊಣಕಾಲು ಮುಟ್ಟಿತು, ಮುಖ ಮುಟ್ಟಿತು. ಅಪ್ಪ ಏಳಲಿಲ್ಲ. ಸೂರ್ಯನಿಗಿಂತ ಮೊದಲು ಏಳದ ಅಪ್ಪನನ್ನು ನಾನು ನೋಡಿದ್ದು ಅದೇ ಮೊದಲು.

ಯಾರೂ ಯಾರಿಗೂ ಹೇಳಲಿಲ್ಲ. ಎಲ್ಲರೂ ತುದಿಗಾಲಲ್ಲಿ ಓಡಾಡಿದರು. ಮೇಷ್ಟ್ರು ಸೀಟಿಯನ್ನು ಜೇಬಿನಲ್ಲಿಟ್ಟುಕೊಂಡರು. ಬೆಳಗಿನ ವಾರ್ತೆ ತಪ್ಪಿಸದ ವೆಂಕಟೇಶ ಬರಿಗಾಲಲ್ಲಿ ಗೆರೆಯ ಹತ್ತಿರ ಹೋಗಿ, ಟ್ರಾನ್ಸಿಸ್ಟರನ್ನು ನೋಡಿ, ಮುಟ್ಟದೆ ವಾಪಸು ಬಂದ. ಕಾಫಿ ಪಿಸುಮಾತಿನಲ್ಲೇ ಕುದಿಯಿತು.

ಕಡೆಗೊಮ್ಮೆ ಅಪ್ಪ ಕಣ್ಣು ಬಿಟ್ಟ. ದಡಬಡಿಸಿ ಎದ್ದು ಕೂತ. ಕೆಳಗೆ ನೋಡಿದ. ಸುತ್ತ ನೋಡಿದ. ಕೈ ತಾನಾಗಿ ದೊಣ್ಣೆಯನ್ನು ಹುಡುಕಿತು, ಸಿಕ್ಕಿತು, ಬಿಟ್ಟಿತು.

"ಇಷ್ಟು ದೊಡ್ದು..." ಎಂದ. ಮತ್ತೆ ಹೇಳಿದ: "ಇಷ್ಟು ದೊಡ್ದು ಹಿಂಗೇ ಬಿದ್ದೈತೆ. ಯಾರೂ ಕಾಯ್ತಾನೇ ಇಲ್ವಲ್ಲೋ!"

ನಾನು ಬಿ.ಎ. ಓದಿದವನು. ತಿಂಗಳು ತಿಂಗಳೂ ಬೆಟ್ಟ ಹತ್ತುವವನು. ಬೆಟ್ಟಕ್ಕೆ ಏಕೆ ಹೋಗುತ್ತೀರಿ ಎಂದು ನೀವು ಕಾಗದ ಬರೆದು ಕೇಳಿದಾಗಲೆಲ್ಲ ಗಾಳಿ, ಆರೋಗ್ಯ ಎಂದು ಉತ್ತರಿಸಿದವನು. ಈಗ ಅನ್ನಿಸುತ್ತದೆ, ನಾವೆಲ್ಲರೂ ಒಂದೊಂದು ರಾಶಿಯ ಸುತ್ತ ಬೂದಿ ಗೆರೆ ಹಾಕಿಕೊಂಡು ಕೂತವರೇ. ಒಬ್ಬನಿಗೆ ಕಚೇರಿಯ ಕುರ್ಚಿ, ಒಬ್ಬನಿಗೆ ಸೈಟಿನ ಬೇಲಿ, ನನಗೆ ಗೋಡೆಯ ಮೇಲಿನ ಗಾಜಿನ ಕಟ್ಟು. ಹಾಸಿಗೆಯ ಮೇಲೆ ಮಲಗಿದರೂ ಒಂದು ಕಿವಿ ತೆರೆದೇ ಇರುತ್ತದೆ. ಅಲ್ಲವೇ? ಯಾರೂ ಹೊತ್ತೊಯ್ಯಲಾಗದಷ್ಟು ದೊಡ್ಡದರ ಮುಂದೆ ಮಾತ್ರ ಮನುಷ್ಯ ದೊಣ್ಣೆ ಕೆಳಗಿಡುತ್ತಾನೆ.

ಇಳಿಯುವಾಗ ಅಪ್ಪ ಒಂದು ಸಲವೂ ಕೂರಲಿಲ್ಲ. ಡಬ್ಬವನ್ನು ಮೇಲೇ ಬಿಟ್ಟು ಬಂದ. "ಕುರಿಯವ್ರಿಗೆ ನೀರಿಗಾಯ್ತದೆ" ಎಂದ.

ಒಂದು ರಾತ್ರಿಯಲ್ಲಿ ಎಲ್ಲ ಸರಿಹೋಯಿತೆಂದು ನಾನು ಸುಳ್ಳು ಬರೆಯುವುದಿಲ್ಲ. ಈಗಲೂ ಕೆಲವು ದಿನ ಅಪ್ಪ ಏಳುತ್ತಾನೆ. ಆದರೆ ಬೀದಿಗೆ ಹೋಗುವುದಿಲ್ಲ. ತಾರಸಿ ಹತ್ತುತ್ತಾನೆ. ಜಯನಗರದ ಕಡೆ ದೀಪ ಉರಿಯುತ್ತಿದೆಯೇ ಎಂದು ನೋಡುತ್ತಾನೆ. ಉರಿಯುತ್ತಿರುತ್ತದೆ. ಅಲ್ಲೇ ಕಂಬಳಿ ಹಾಸಿ ಮಲಗಿಬಿಡುತ್ತಾನೆ. ಡಾಕ್ಟರು ಮೊನ್ನೆ ಎದೆ ಕೇಳಿ ತಲೆದೂಗಿದರು. "ಯಾವ ಊರಿಗೆ ಚೇಂಜಿಗೆ ಹೋಗಿದ್ರಿ?" ಎಂದರು. ಬೀಟ್ ಪೊಲೀಸಿನವನು ಮಾತ್ರ, "ಯಜಮಾನ್ರು ಹುಷಾರಾಗಿದಾರಾ ಸಾರ್? ಕಾಣಿಸ್ತಾನೇ ಇಲ್ಲ" ಎಂದು ಕೇಳಿಕೊಂಡು ಬಂದಿದ್ದ.

ಹೋದ ಭಾನುವಾರ ಶ್ರೀಪಾದರಾಯರು ಇಸ್ತ್ರಿ ಮಾಡಿದ ಕೋಟು ತೊಟ್ಟು ನಮ್ಮ ಮನೆಗೆ ಬಂದರು. ಅಪ್ಪನನ್ನು ನಡುಮನೆಯಲ್ಲಿ ನಿಲ್ಲಿಸಿ, ಡ್ರಿಲ್ಲಿನಲ್ಲಿ ನಿಲ್ಲುವಂತೆ ತಾವೂ ನೇರವಾಗಿ ನಿಂತು, ದಪ್ಪ ಕಾಗದವನ್ನು ಎರಡೂ ಕೈಯಲ್ಲಿ ಕೊಟ್ಟರು. ಅಪ್ಪ ಕೈಯನ್ನು ಪಂಚೆಗೆ ಒರೆಸಿಕೊಂಡು ತೆಗೆದುಕೊಂಡ. ತಲೆಕೆಳಗಾಗಿ ಹಿಡಿದಿದ್ದ. ಬೆಟ್ಟದ ಮೊಹರು ನೋಡಿ ತಾನೇ ಸರಿಮಾಡಿಕೊಂಡ.

ಕಾಫಿ ಲೋಟ ಹಿಡಿದು ಬಂದ ಅತ್ತೆ ಬಾಗಿಲಲ್ಲೇ ನಿಂತಳು.

"ಏನ್ ಬರ್ದೈತೆ ಅದರಾಗೆ? ಓದ್ಲಾ ಬಿ.ಎ."

ಓದಿದೆ. "ಶ್ರೀ ಮುನಿಯಪ್ಪನವರು ಬೆಟ್ಟವನ್ನು ಹತ್ತಿ, ಬಯಲಿನಲ್ಲಿ ಆಕಾಶದ ಕೆಳಗೆ ರಾತ್ರಿ ಮಲಗಿ, ಕ್ಷೇಮವಾಗಿ ಇಳಿದು ಬಂದಿದ್ದಾರೆಂದು ಸಂತೋಷದಿಂದ ದೃಢೀಕರಿಸಲಾಗಿದೆ."

ಅತ್ತೆ ಕಾಗದವನ್ನು ನೋಡಿದಳು. ಗೋಡೆಯ ಮೇಲಿನ ನನ್ನ ಗಾಜಿನ ಕಟ್ಟನ್ನು ನೋಡಿದಳು. ಮೇಷ್ಟ್ರನ್ನು ಕೇಳಿದಳು.

"ಬಯಲಾಗೆ ಮನಗಿದ್ಕೆ ಸರ್ಟಿಪಿಕೇಟು ಕೊಡ್ತಾರಾ ಸ್ವಾಮಿ?"

"ಕೊಡ್ತೀವಮ್ಮ."

ಅತ್ತೆ ನನ್ನ ಕಡೆ ತಿರುಗಿದಳು.

"ಹಂಗಾದ್ರೆ, ಮೀಸೆ ಬರಾಕೆ ಮುಂಚೆಯಿಂದ ಬಯಲಾಗೆ ಬಿದ್ದಿದ್ದೋನು ನಿಮ್ಮಪ್ಪ; ನಮ್ಮನೇಲಿ ಮೊದ್ಲು ಬಿ.ಎ. ಆದೋನು ನೀನಲ್ಲ, ಬುಡ್ಲಾ!"